ಮುಕ್ತಿಯ ಹುಡುಗಿಯರನ್ನು ಪಾಠದಿಂದ ಬಿಡಬೇಡಿ: ಚರಿತ್ರೆ ಪಾಠ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಚರಿತ್ರೆಯ ಪಾಠ ಬರೆಯುವ ಮಾನ್ಯರೇ,

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರು. ಪಂಡಿತಾ ರಮಾಬಾಯಿಯವರ ಬಗ್ಗೆ ಕನ್ನಡದಲ್ಲಿ ನನ್ನ ಕೈಗೆ ಸಿಕ್ಕ ಪಾಠ, ಗೈಡು, ನೋಟ್ಸು ಎಲ್ಲದರಲ್ಲೂ ಅದೇ ನಾಲ್ಕು ಸಾಲು. ಸಂಸ್ಕೃತ ಪಂಡಿತೆ, ವಿಧವೆಯರಿಗಾಗಿ ಶಾರದಾ ಸದನ ಕಟ್ಟಿದರು, ಸ್ತ್ರೀ ಶಿಕ್ಷಣಕ್ಕೆ ದುಡಿದರು, ಸಮಾಜ ಸುಧಾರಕಿ. ಅಲ್ಲಿಗೆ ಮುಗೀತು. ಆಮೇಲೆ ಅವರು ಮೂವತ್ತು ವರ್ಷಕ್ಕೂ ಜಾಸ್ತಿ ಬದುಕಿದ್ದರು, ಆ ಮೂವತ್ತು ವರ್ಷದಲ್ಲಿ ಏನು ಮಾಡಿದರು ಅಂತ ಮಕ್ಕಳಿಗೆ ಯಾರೂ ಹೇಳುವುದಿಲ್ಲ. 1905ರಲ್ಲಿ ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಅವರ ಮುಕ್ತಿ ಆಶ್ರಮದ ಹುಡುಗಿಯರ ನಡುವೆ ಎದ್ದ ಕ್ರೈಸ್ತ ಉಜ್ಜೀವನದ, ಅಂದರೆ ಭಕ್ತಿ ಒಮ್ಮೆಲೇ ಹೊಸದಾಗಿ ಉಕ್ಕಿದ್ದರ, ಹೆಸರೇ ಬರುವುದಿಲ್ಲ. ಅದನ್ನು ಸೇರಿಸಿ ಅಂತ ಕೇಳುವುದಕ್ಕೇ ಈ ಪತ್ರ. ಗುಟ್ಟಾಗಿ ಬರೆಯುವ ವಿಷಯ ಅಲ್ಲ, ಎಲ್ಲರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮಹಾರಾಷ್ಟ್ರದ ಕಥೆ ನಮಗೇಕೆ ಅನ್ನುವವರಿಗೆ ಮೊದಲು ಒಂದು ಮಾತು. ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅಂತ ನಾವು ಹೇಳುತ್ತೇವಲ್ಲ, ಅದೇ ಗಂಗಾಮೂಲ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದಿಂದ ಘಟ್ಟ ಹತ್ತುವ ದಾರಿಯಲ್ಲಿರುವ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಹೆಣ್ಣಿಗೆ ಸಂಸ್ಕೃತ ಕಲಿಸಬಾರದು ಅನ್ನುತ್ತಿದ್ದ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ ಮನುಷ್ಯ. ಊರಿನವರ ವಿರೋಧ ತಡೆಯಲಾಗದೆ ಕಾಡಿಗೆ ಹೋಗಿ ಮನೆ ಕಟ್ಟಿಕೊಂಡರು. ಅಲ್ಲೂ ಸಾಲ ಏರಿ, ಕೈ ಖಾಲಿಯಾಗಿ, ಮಗಳು ಆರು ತಿಂಗಳ ಕೂಸಾಗಿದ್ದಾಗ ಇಡೀ ಸಂಸಾರ ತೀರ್ಥಯಾತ್ರೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಘಟ್ಟ ಇಳಿದರಂತೆ. ಆಮೇಲೆ ಆ ಮನೆಯವರಿಗೆ ಕಾಯಂ ಊರು ಅಂತ ಇರಲೇ ಇಲ್ಲ. ದೇವಸ್ಥಾನಗಳಲ್ಲಿ, ನದಿ ದಡಗಳಲ್ಲಿ ಪುರಾಣ ಓದುವುದು, ಕೊಟ್ಟ ದಕ್ಷಿಣೆಯಲ್ಲಿ ಬದುಕುವುದು. ಅಮ್ಮ ಕಲಿಸಿದ್ದನ್ನೇ ಕಲಿತು ಆ ಹುಡುಗಿ ಚಿಕ್ಕ ವಯಸ್ಸಿನಲ್ಲೇ ಭಾಗವತವನ್ನು ಬಾಯಿಪಾಠ ಮಾಡಿದ್ದಳು.

ಬರ ಬಂತು. 1874ರಿಂದ ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಅಪ್ಪ, ಅಮ್ಮ, ಅಕ್ಕ ಕೃಷ್ಣಾಬಾಯಿ ಒಬ್ಬರ ಹಿಂದೆ ಒಬ್ಬರು ಹೋದರು. ಹಸಿವಿನಿಂದ ಸಾಯುವುದು ಅಂದರೆ ಏನು ಅಂತ ರಮಾಬಾಯಿ ಪುಸ್ತಕದಲ್ಲಿ ಓದಿ ತಿಳಿದವರಲ್ಲ. ಉಳಿದ ಅಣ್ಣ ಶ್ರೀನಿವಾಸನ ಜೊತೆ ನಡೆದು ನಡೆದು 1878ರಲ್ಲಿ ಕಲ್ಕತ್ತ ಸೇರಿದರು. ಅಲ್ಲಿನ ಪಂಡಿತರು ಇವರ ಸಂಸ್ಕೃತ ಕೇಳಿ ದಂಗಾಗಿ 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟರು. ಅಣ್ಣ ಸತ್ತ. ಬಂಗಾಳದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿ ಮೀರಿ ಮದುವೆಯಾದರು, 1882ರಲ್ಲಿ ಅವರೂ ಕಾಲರಾದಿಂದ ತೀರಿಕೊಂಡರು. ಇಪ್ಪತ್ಮೂರು ವರ್ಷದ ವಿಧವೆ, ಕೈಯಲ್ಲಿ ಪುಟ್ಟ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲೇ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಶುರು ಮಾಡಿದರು, ಮರುವರ್ಷ ಅದನ್ನು ಪುಣೆಗೆ ತಂದರು.

ಇಲ್ಲಿವರೆಗಿನದ್ದು ನಿಮಗೆ ಗೊತ್ತು. ನಾನು ಹೇಳಬೇಕಾಗಿರುವುದು ಇದರಾಚೆಯದು.

1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ತಾನು ಕಂಡಿದ್ದ ಹಸಿವೇ ಮತ್ತೆ ಎದುರಿಗೆ ಬಂದ ಹಾಗಾಗಿ ರಮಾಬಾಯಿ ಅಲ್ಲಿಗೆ ಹೋದರು. ಅನಾಥ ಹುಡುಗಿಯರನ್ನು, ಬಾಲವಿಧವೆಯರನ್ನು ಕರೆತಂದರು. ಬರದ ಊರುಗಳಲ್ಲಿ ಹುಡುಗಿಯರನ್ನು ಕೊಂಡುಕೊಳ್ಳುವವರೂ ಓಡಾಡುತ್ತಿದ್ದರು, ಅವರ ಕೈಗೆ ಸಿಗುವ ಮೊದಲೇ ಎತ್ತಿಕೊಂಡು ಬರಬೇಕಿತ್ತು. ಅಷ್ಟರಲ್ಲಿ ಪುಣೆಗೆ ಪ್ಲೇಗು. ಊರೊಳಗೆ ಅಷ್ಟು ಜನರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ಜಮೀನಿನಲ್ಲಿ ಬಿಡಾರ ಹಾಕಿ, ಬಾವಿ ತೋಡಿ, ಕಟ್ಟಡ ಏರಿಸಿದರು. ಅದೇ ಮುಕ್ತಿ. 1900ರಲ್ಲಿ ಗುಜರಾತಿನ ಬರ ಬಂದಾಗ ಇನ್ನೂ ನೂರಾರು ಜನ ಬಂದರು. ಒಂದೂವರೆ ಸಾವಿರಕ್ಕೂ ಜಾಸ್ತಿ ಹೆಂಗಸರು ಮಕ್ಕಳು ಒಂದೇ ಕಾಂಪೌಂಡಿನಲ್ಲಿ! ನೇಯುವುದು, ಎಣ್ಣೆ ಗಾಣ, ಹಸು ಸಾಕುವುದು, ಅಡುಗೆ, ಪಾಠ, ಛಾಪಖಾನೆ. ಕುರುಡರಿಗೆ ಬೇರೆ ಮನೆ, ಮುದುಕಿಯರಿಗೆ ಬೇರೆ ಮನೆ, ಮೋಸ ಹೋಗಿ ಬಂದ ಹೆಂಗಸರಿಗೆ ಕೃಪಾ ಸದನ.

ಈ ಹುಡುಗಿಯರು ಯಾರು ಅನ್ನುವುದನ್ನು ಮರೆಯದೆ ಮುಂದಿನದನ್ನು ಓದಿ. ಕಣ್ಣೆದುರಿಗೇ ಮನೆಮಂದಿ ಸತ್ತದ್ದನ್ನು ಕಂಡವರು. ಗಂಡನ ಮುಖ ನೆನಪಿಲ್ಲದಿದ್ದರೂ ಅವನನ್ನು ನುಂಗಿದವಳು ಅನ್ನಿಸಿಕೊಂಡವರು. ಜೋರಾಗಿ ಅತ್ತರೂ ತಪ್ಪು, ನಕ್ಕರೂ ತಪ್ಪು ಅನ್ನುವ ಮನೆಗಳಿಂದ ಬಂದವರು.

1904ರ ಕೊನೆಗೆ ಬ್ರಿಟನ್ನಿನ ವೇಲ್ಸ್‌ನಲ್ಲಿ ಉಜ್ಜೀವನ ಎದ್ದಿತ್ತು. ಇವಾನ್ ರಾಬರ್ಟ್ಸ್ ಅನ್ನುವ ಗಣಿ ಕೆಲಸದ ಹುಡುಗ ಅದರ ಮುಂದಾಳು. ಆ ಸುದ್ದಿ ಹಡಗಿನಲ್ಲಿ ಇಂಡಿಯಾಕ್ಕೂ ಬಂತು. ವೇಲ್ಸ್ ಮಿಷನರಿಗಳಿದ್ದ ಖಾಸಿ ಬೆಟ್ಟಗಳಲ್ಲಿ 1905ರ ಮಾರ್ಚಿಗೇ ಸಭೆಗಳು ಕಾವೇರಿದ್ದವು. ಮುಕ್ತಿಯಲ್ಲಿ ಅದಕ್ಕೂ ಮೊದಲೇ, ಜನವರಿಯಲ್ಲೇ, ರಮಾಬಾಯಿ ಪ್ರಾರ್ಥನೆಗೆ ಯಾರು ಬರುತ್ತೀರಿ ಅಂತ ಕೇಳಿದ್ದರು. ಎಪ್ಪತ್ತು ಜನ ಬಂದರು. ಜೂನ್ ಹೊತ್ತಿಗೆ ದಿನಕ್ಕೆ ಎರಡು ಸಲ 550 ಜನ ಸೇರುತ್ತಿದ್ದರು. ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಸಾರಲು ಹಳ್ಳಿಗಳಿಗೆ ಹೋಗುವವರು ಯಾರು ಅಂದಾಗ ಮೂವತ್ತು ಹುಡುಗಿಯರು ಎದ್ದು ನಿಂತರು. ಅವರನ್ನು ತಯಾರು ಮಾಡುತ್ತಿದ್ದವರು ಮಿನ್ನಿ ಏಬ್ರಮ್ಸ್, ಅಮೆರಿಕದಿಂದ ಬಂದು ರಮಾಬಾಯಿಯವರ ಜೊತೆ ದುಡಿಯುತ್ತಿದ್ದ ಮಿಷನರಿ.

ಜೂನ್ 29ರ ಬೆಳಗಿನ ಜಾವ, ಇನ್ನೂ ಕತ್ತಲು. ಏಬ್ರಮ್ಸ್ ಬರೆದಿಟ್ಟದ್ದರ ಪ್ರಕಾರ, ಆ ಮೂವತ್ತು ಹುಡುಗಿಯರಲ್ಲಿ ಒಬ್ಬಳು ಮಲಗಿದ್ದಲ್ಲೇ ಎಚ್ಚೆತ್ತು ಕೂಗಿಕೊಂಡಳು, ಪವಿತ್ರಾತ್ಮನ, ಅಂದರೆ ಕ್ರೈಸ್ತರು ನಂಬುವ ದೇವರಾತ್ಮನ, ಬೆಂಕಿ ತನ್ನ ಮೇಲೆ ಇಳಿದಿದೆ ಎಂದಳು. ಪಕ್ಕದವಳು ನೋಡಿದರೆ ಅವಳ ಮೈಗೆ ನಿಜವಾಗಿಯೂ ಬೆಂಕಿ ಹತ್ತಿಕೊಂಡ ಹಾಗೆ ಕಂಡಿತು. ಓಡಿದಳು, ಬಕೆಟ್ಟಿನಲ್ಲಿ ನೀರು ತಂದಳು. ಇನ್ನೇನು ಸುರಿಯಬೇಕು, ಆಗ ಗೊತ್ತಾಯಿತು ಹುಡುಗಿಗೆ ಏನೂ ಸುಟ್ಟಿಲ್ಲ ಅಂತ. ಒಂದು ಗಂಟೆಯೊಳಗೆ ಆ ಕಟ್ಟಡದ ಹುಡುಗಿಯರೆಲ್ಲ ಸುತ್ತ ಸೇರಿ ಅಳುತ್ತಾ, ತಮ್ಮ ತಮ್ಮ ಪಾಪಗಳನ್ನು ಅರಿಕೆ ಮಾಡಿಕೊಳ್ಳುತ್ತಾ, ಪ್ರಾರ್ಥಿಸುತ್ತಾ ಕೂತಿದ್ದರು.

ಮಾರನೆಯ ದಿನ ಸಂಜೆ ರಮಾಬಾಯಿ ಯಾವತ್ತಿನ ಹಾಗೆ ಸಮಾಧಾನದಿಂದ ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯ ವಿವರಿಸುತ್ತಿದ್ದರು. ಅಲ್ಲಿ ಏನು ಬರುತ್ತದೆ ಅಂತ ನೋಡಿ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳು ಅಂತ ಒಬ್ಬ ಹೆಂಗಸನ್ನು ಎಳೆದು ತಂದು ಗಂಡಸರು ಕಲ್ಲು ಹಿಡಿದು ನಿಂತಿರುತ್ತಾರೆ, ಯೇಸು ಅವಳಿಗೆ ಶಿಕ್ಷೆ ಕೊಡದೆ ಕಳಿಸುತ್ತಾನೆ. ಅವತ್ತು ರಮಾಬಾಯಿ ಆ ಅಧ್ಯಾಯದ ಯಾವ ಸಾಲಿನಲ್ಲಿದ್ದರೋ, ಅಷ್ಟರಲ್ಲಿ ಹುಡುಗಿಯರು ಒಟ್ಟಿಗೇ ದನಿಯೆತ್ತಿ ಪ್ರಾರ್ಥಿಸಲು ಶುರು ಮಾಡಿದರು. ಮಾತು ನಿಲ್ಲಿಸಬೇಕಾಯಿತು. ಚಿಕ್ಕವರು ದೊಡ್ಡವರು ಅನ್ನದೆ ಅತ್ತರು. ಕೆಲವರು ನಿಂತರು, ಕೆಲವರು ಮೊಣಕಾಲೂರಿದರು, ಕೈ ಮೇಲೆತ್ತಿದರು. ಆಮೇಲಿನ ದಿನಗಳಲ್ಲಿ ಪಾಠ ಬದಿಗೆ ಸರಿಯಿತು, ಪ್ರಾರ್ಥನೆ ಗಂಟೆಗಟ್ಟಲೆ ನಡೆಯಿತು. ಅಳು ಮುಗಿದ ಮೇಲೆ ಹಾಡು, ಚಪ್ಪಾಳೆ, ಕುಣಿತ.

ದೇವರು ಇಳಿದನೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಪಾಠದ ಕೆಲಸ ಅಲ್ಲ. ಅದನ್ನು ನೀವು ಬರೆಯಬೇಕು ಅಂತಲೂ ನಾನು ಕೇಳುತ್ತಿಲ್ಲ. ನಾನು ಕೇಳುವುದು ಇಷ್ಟೇ. ನೂರಾರು ಅನಾಥ ಹೆಣ್ಣುಮಕ್ಕಳು ಒಟ್ಟಿಗೆ ಬಾಯಿಬಿಟ್ಟ ಒಂದು ಘಟನೆ ಈ ದೇಶದಲ್ಲಿ ನಡೆದಿದೆ, ಅದನ್ನು ನಡೆಸಿದವರು ಗಂಗಾಮೂಲದಲ್ಲಿ ಹುಟ್ಟಿದ ಹೆಂಗಸು, ಇದು ಚರಿತ್ರೆ ಅಲ್ಲದಿದ್ದರೆ ಇನ್ಯಾವುದು ಚರಿತ್ರೆ? ವೈಸರಾಯ್ ಯಾರು ಯಾವಾಗ ಬಂದ, ಯಾವಾಗ ಹೋದ ಅಂತ ನಾವು ಮಕ್ಕಳ ಕೈಲಿ ಉರು ಹೊಡೆಸುತ್ತೇವೆ. 1905 ಅಂದರೆ ಕರ್ಜನ್, ಬಂಗಾಳದ ವಿಭಜನೆ. ಸರಿ, ಅದು ಬೇಕು. ಅದೇ ವರ್ಷದ ಇದೂ ಬೇಕು.

ಈ ಗಲಾಟೆ ಎಷ್ಟೋ ಜನಕ್ಕೆ ಹಿಡಿಸಲಿಲ್ಲ. ಹಿಂದೂಗಳಿಗಿಂತ ಜಾಸ್ತಿ ಇರಿಸುಮುರಿಸಾದದ್ದು ಬಿಳಿಯ ಕ್ರೈಸ್ತರಿಗೆ. ಇದೇನು ಕೂಗಾಟ, ಇದು ಉನ್ಮಾದ, ಹೆಣ್ಣುಮಕ್ಕಳ ಚಿತ್ತಭ್ರಮೆ ಅಂದರು. ಮುಂದಿನ ವರ್ಷ ಕೆಲವು ಹುಡುಗಿಯರು ಪ್ರಾರ್ಥನೆಯ ಆವೇಶದಲ್ಲಿ ಅನ್ಯಭಾಷೆಗಳಲ್ಲಿ, ಅಂದರೆ ತಾವು ಕಲಿಯದ ಭಾಷೆಗಳಲ್ಲಿ, ಮಾತಾಡಿದರು ಅನ್ನುವ ಸುದ್ದಿ ಹಬ್ಬಿದ ಮೇಲಂತೂ ಟೀಕೆ ಇನ್ನೂ ಏರಿತು. ರಮಾಬಾಯಿಯವರ ಸ್ವಭಾವ ನೋಡಿದರೆ ಅವರು ಇಂಥದ್ದಕ್ಕೆ ಒಗ್ಗುವವರೇ ಅಲ್ಲ. ಶಾಸ್ತ್ರ ಓದಿದವರು, ಅಳೆದು ತೂಗಿ ಮಾತಾಡುವವರು. ಆ ಅನ್ಯಭಾಷೆಯ ವರ ಅವರಿಗೆ ಬರಲೂ ಇಲ್ಲ. ಆದರೂ ಹುಡುಗಿಯರ ಬಾಯಿ ಮುಚ್ಚಿಸಲಿಲ್ಲ. ತಮ್ಮ 'ಮುಕ್ತಿ ಪ್ರೇಯರ್ ಬೆಲ್' ಪತ್ರಿಕೆಯಲ್ಲಿ ನೇರವಾಗಿಯೇ ಬರೆದರು. ಇಂಡಿಯಾದವರು ತಮ್ಮ ಭಕ್ತಿಯನ್ನು ತಮ್ಮ ರೀತಿಯಲ್ಲಿ ತೋರಿಸಲಿ, ಪಶ್ಚಿಮದವರ ರೀತಿಯಲ್ಲೇ ಪ್ರಾರ್ಥಿಸಬೇಕು ಅಂತ ಕಟ್ಟಾಕುವುದು ಏಕೆ ಅನ್ನುವುದು ಅವರ ವಾದದ ತಿರುಳು.

ಇದು ಅವರಿಗೆ ಹೊಸ ಜಗಳ ಅಲ್ಲ. ಇಪ್ಪತ್ತು ವರ್ಷ ಹಿಂದೆ ಇಂಗ್ಲೆಂಡಿನಲ್ಲಿದ್ದಾಗಲೇ ಅಲ್ಲಿನ ಸನ್ಯಾಸಿನಿ ಜೆರಾಲ್ಡಿನ್ ಅವರ ಜೊತೆ ಕಾಗದದ ಮೇಲೆ ಕಾದಾಡಿದ್ದರು. ಒಂದು ಪುರೋಹಿತ ವರ್ಗದ ನೊಗ ಕಷ್ಟಪಟ್ಟು ಇಳಿಸಿಕೊಂಡಿದ್ದೇನೆ, ಇನ್ನೊಂದನ್ನು ಹೊರುವವಳಲ್ಲ ಅನ್ನುವ ಧಾಟಿಯ ಮಾತು ಆ ಕಾಗದಗಳಲ್ಲಿದೆ. ಬ್ರಿಟಿಷರ ಆಳ್ವಿಕೆ, ಬಿಷಪ್ಪರ ಮಾತೇ ವೇದವಾಕ್ಯ, ಅಂಥ ಹೊತ್ತಿನಲ್ಲಿ! ನಮ್ಮ ಮಕ್ಕಳಿಗೆ ವಸಾಹತುಶಾಹಿ ವಿರೋಧ ಅಂದರೆ ಬಾಂಬು, ಜೈಲು, ಉಪ್ಪು ಮಾತ್ರ ಗೊತ್ತು. ಪ್ರಾರ್ಥನೆಯ ದನಿ ಎಷ್ಟು ಜೋರಿರಬೇಕು ಅನ್ನುವುದರಲ್ಲೂ ಬಿಳಿಯರ ಯಜಮಾನಿಕೆ ಬೇಡ ಅಂದ ಹೆಂಗಸು ಇದ್ದರು ಅಂತ ಗೊತ್ತಾದರೆ ಎಷ್ಟು ಚೆನ್ನ, ಅಲ್ವಾ?

ಇನ್ನು ಇದು ಹೊರಗಿನವರ ನಕಲು ಅನ್ನುವವರಿದ್ದಾರೆ. ವೇಲ್ಸಿನ ಸುದ್ದಿ ಇಲ್ಲಿಗೆ ಬಂದಿತ್ತು, ನಿಜ. ಆದರೆ ಇದನ್ನೂ ನೋಡಿ. ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಕರಿಯ ಬೋಧಕ ವಿಲಿಯಂ ಸೇಮೋರ್ ಸಭೆ ಶುರು ಮಾಡಿದ್ದು 1906ರ ಏಪ್ರಿಲ್‌ನಲ್ಲಿ. ಪವಿತ್ರಾತ್ಮನ ಇಳಿತಕ್ಕೆ, ಅನ್ಯಭಾಷೆಯ ವರಕ್ಕೆ ಒತ್ತು ಕೊಡುವ ಪೆಂಟೆಕೋಸ್ಟಲ್ ಕ್ರೈಸ್ತ ಸಭೆಗಳು ಹುಟ್ಟಿದ್ದು ಅಲ್ಲಿ ಅಂತಲೇ ಎಲ್ಲರೂ ಹೇಳುವುದು. ಮುಕ್ತಿಯ ಹುಡುಗಿಯರು ಎದ್ದದ್ದು ಅದಕ್ಕೂ ಹತ್ತು ತಿಂಗಳು ಮೊದಲು. ಮುಕ್ತಿಯಲ್ಲಿ ನಡೆದದ್ದನ್ನು ಏಬ್ರಮ್ಸ್ 1906ರಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿ, ದಕ್ಷಿಣ ಅಮೆರಿಕದ ಚಿಲಿಯಲ್ಲಿದ್ದ ತನ್ನ ಹಳೆಯ ಸಹಪಾಠಿ ಮೇರಿ ಹೂವರ್‌ಗೆ ಕಳಿಸಿದರು. ಆಕೆಯ ಗಂಡ ವಿಲ್ಲಿಸ್ ಹೂವರ್ ವಾಲ್ಪರೈಸೋ ಊರಿನಲ್ಲಿ ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಗಡದ ಪಾಸ್ಟರು. ಗಂಡ ಹೆಂಡತಿ ಓದಿದರು, ಸಭೆಯಲ್ಲಿ ಪ್ರಾರ್ಥನೆ ಶುರುವಾಯಿತು, 1909ರಲ್ಲಿ ಅಲ್ಲೂ ಉಜ್ಜೀವನ ಎದ್ದಿತು. ಮೆಥಡಿಸ್ಟ್ ಹಿರಿಯರು ಒಪ್ಪಲಿಲ್ಲ, ಹೂವರ್ ಹೊರಬಂದು ಬೇರೆ ಸಭೆ ಕಟ್ಟಿದರು. ಇವತ್ತು ಚಿಲಿಯಲ್ಲಿ ಪೆಂಟೆಕೋಸ್ಟಲ್ ಜನ ಲಕ್ಷಗಟ್ಟಲೆ ಇದ್ದಾರೆ. ಇಂಡಿಯಾಕ್ಕೆ ಎಲ್ಲವೂ ಹೊರಗಿನಿಂದಲೇ ಬಂತು ಅಂತ ಓದಿಕೊಂಡು ಬೆಳೆದ ಮಕ್ಕಳಿಗೆ, ಕೇಡಗಾಂವ್‌ನ ಬಡ ಹುಡುಗಿಯರಿಂದ ಹೊರಟದ್ದು ಸಮುದ್ರ ದಾಟಿ ಇನ್ನೊಂದು ಖಂಡ ಮುಟ್ಟಿತು ಅಂತ ಒಂದು ನಕ್ಷೆ ಬರೆದು ತೋರಿಸಿ.

ಈಗ ಕಷ್ಟದ ಮಾತು. ಅದನ್ನು ತಪ್ಪಿಸಿಕೊಂಡು ಬರೆದರೆ ಈ ಪತ್ರಕ್ಕೆ ಬೆಲೆ ಇಲ್ಲ.

ಮತಾಂತರ. ನೀವು ಈ ವಿಷಯ ಮುಟ್ಟದೇ ಇರುವುದಕ್ಕೆ ಇದೇ ಕಾರಣ ಅಂತ ನನ್ನ ಅನುಮಾನ. ಶಾರದಾ ಸದನದಲ್ಲಿ ಮತದ ಪಾಠ ಇರುವುದಿಲ್ಲ ಅಂತ ಮೊದಲು ಹೇಳಿದ್ದರು. ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು, ಕೆಲವು ಹುಡುಗಿಯರು ಹೋಗಿ ಕೂರುತ್ತಿದ್ದರು. ಗದ್ದಲ ಎದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ದೊಡ್ಡ ಸುಧಾರಕರು ಸದನದ ಸಲಹಾ ಮಂಡಳಿ ಬಿಟ್ಟು ಹೋದರು. ತಿಲಕರ 'ಕೇಸರಿ' ಬೆಂಕಿ ಕಾರಿತು. ಮುಕ್ತಿ ಬರುವ ಹೊತ್ತಿಗೆ ಮುಚ್ಚುಮರೆ ಏನೂ ಇರಲಿಲ್ಲ, ಅದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಅಲ್ಲಿಗೆ ಬಂದವರು ಹಸಿದ ಮಕ್ಕಳು. ಅನ್ನ ಕೊಟ್ಟ ಕೈಯೇ ತನ್ನ ದೇವರನ್ನೂ ತೋರಿಸಿದಾಗ ಬೇಡ ಅನ್ನುವ ಶಕ್ತಿ ಒಂದು ಮಗುವಿಗೆ ಎಷ್ಟಿರುತ್ತದೆ? ಇದು ನಿಜವಾದ ಪ್ರಶ್ನೆ, ನಾನು ಇದನ್ನು ತಳ್ಳಿಹಾಕುವುದಿಲ್ಲ. ಜೊತೆಗೆ ಇನ್ನೊಂದು ಪ್ರಶ್ನೆಯೂ ಅಷ್ಟೇ ನಿಜ. ಆ ಮಕ್ಕಳು ದಾರಿಯಲ್ಲಿ ಸಾಯುತ್ತಿದ್ದಾಗ ಉಳಿದವರು ಎಲ್ಲಿದ್ದರು? ಎರಡನ್ನೂ ಪಾಠದ ಕೊನೆಗೆ ಹಾಕಿ. ಹತ್ತನೇ ಕ್ಲಾಸಿನ ಮಕ್ಕಳಿಗೆ ಇವನ್ನು ತಾಳ್ಮೆಯಿಂದ ಚರ್ಚಿಸುವ ಬುದ್ಧಿ ಇದೆ. ನಾನು ದಿನಾ ಅವರ ಜೊತೆ ಇರುವವನು, ನನ್ನ ಮಾತು ನಂಬಿ. ಅವರಿಗೆ ಕಷ್ಟವಾಗುವುದು ವಿಷಯದಿಂದಲ್ಲ, ನಾವು ಅರ್ಧ ಹೇಳಿ ಅರ್ಧ ನುಂಗುವುದರಿಂದ.

ಕ್ರೈಸ್ತ ಸಭೆಗಳ ಹಿರಿಯರಿಗೂ ಪಾಸ್ಟರುಗಳಿಗೂ ಇದೇ ಪತ್ರದಲ್ಲಿ ಒಂದು ಮಾತು ಹೇಳಬೇಕು, ಏಕೆಂದರೆ ನೀವು ಇನ್ನೊಂದು ಅರ್ಧ ಬಿಡುತ್ತೀರಿ. ಉಜ್ಜೀವನ ಕೂಟಗಳಲ್ಲಿ ಬೆಂಕಿ ಬಿದ್ದ ಕಥೆ ಹೇಳುತ್ತೀರಿ, ಹಲ್ಲೆಲೂಯ ಅನ್ನುತ್ತೀರಿ. ಆ ಬೆಂಕಿ ಬಿದ್ದದ್ದು ಹೆಂಗಸರೇ ನಡೆಸುತ್ತಿದ್ದ ಜಾಗದಲ್ಲಿ, ಹೆಂಗಸರೇ ದೇವರ ವಾಕ್ಯ ಬೋಧಿಸುತ್ತಿದ್ದ ಸಭೆಯಲ್ಲಿ ಅನ್ನುವುದನ್ನು ಎಷ್ಟು ಜನ ಹೇಳುತ್ತೀರಿ? ಹೆಣ್ಣುಮಕ್ಕಳಿಗೆ ಬೋಧಿಸುವ ಪೀಠ ಕೊಡಬಹುದೇ ಅಂತ ಇವತ್ತಿಗೂ ಗುದ್ದಾಡುವ ಸಭೆಗಳಿವೆ. ಮುಕ್ತಿಯ ಹುಡುಗಿಯರು ಗುಂಪುಗುಂಪಾಗಿ ಸುತ್ತಲ ಹಳ್ಳಿಗಳಿಗೆ ಹೋಗಿ ಬೋಧಿಸಿದರು. ಅವರಿಗೆ ಯಾರೂ ಪೀಠ ಕೊಟ್ಟಿರಲಿಲ್ಲ.

ಉಜ್ಜೀವನ ಅಂದರೆ ಬರೀ ಅಳು, ಕುಣಿತ, ಒಂದು ಅಲೆ ಬಂದು ಹೋಯಿತು ಅಂದುಕೊಂಡವರಿಗೆ ಮುಕ್ತಿಯ ಛಾಪಖಾನೆ ತೋರಿಸಬೇಕು. ರಮಾಬಾಯಿ ಕೊನೆಯ ಹದಿನೈದು ಚಿಲ್ಲರೆ ವರ್ಷ ಕೂತು ಇಡೀ ಬೈಬಲನ್ನು ಹಳ್ಳಿ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತಂದರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಬರದಲ್ಲಿ ಸಿಕ್ಕ ಹುಡುಗಿಯರು ಅಚ್ಚಿನ ಮೊಳೆ ಒಂದೊಂದಾಗಿ ಆರಿಸಿ ಜೋಡಿಸಿದರು, ಕರಡು ತಿದ್ದಿದರು, ಮುದ್ರಿಸಿದರು, ಹೊಲಿದು ಕಟ್ಟಿದರು. ತನ್ನ ಹೆಸರನ್ನೂ ಬರೆಯಲು ಬಾರದೆ ಬಂದವಳು ಗ್ರಂಥದ ಪುಟ ಕಟ್ಟುವ ಮಟ್ಟಕ್ಕೆ ಬಂದದ್ದು ಇಲ್ಲಿ. 1921ರಲ್ಲಿ ಮಗಳು ಮನೋರಮಾ ತೀರಿಕೊಂಡರು. ಕಿವಿ ಕೇಳಿಸದ, ಸುಸ್ತಾದ ಆ ತಾಯಿ ಆಗಲೂ ಕೆಲಸ ಬಿಡಲಿಲ್ಲ. ಬೈಬಲಿನ ಕೆಲಸ ಮುಗಿಸಿ 1922ರ ಏಪ್ರಿಲ್ 5ರಂದು ಹೋದರು.

ಮನೋರಮಾ ಅಂದಾಗ ನೆನಪಾಯಿತು. ರಮಾಬಾಯಿ ನಮ್ಮ ಕಲಬುರಗಿಯಲ್ಲಿ, ಆಗಿನ ನಿಜಾಮರ ಗುಲ್ಬರ್ಗದಲ್ಲಿ, 1912ರ ಸುಮಾರಿಗೆ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಅದನ್ನು ನೋಡಿಕೊಂಡವರು ಮನೋರಮಾ. ಗಂಗಾಮೂಲದ ಕೂಸಿನ ಮಗಳು ಕಲಬುರಗಿಯ ಮಕ್ಕಳಿಗೆ ಪಾಠ ಹೇಳಿದ್ದಾರೆ. ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ, ದೌಂಡ್ ದಾಟಿ ಕೇಡಗಾಂವ್ ಮೇಲೆಯೇ ಪುಣೆಗೆ ಹೋಗುತ್ತದೆ. ಮುಕ್ತಿ ಈಗಲೂ ಅಲ್ಲಿ ನಡೆಯುತ್ತಿದೆ. ನಮ್ಮವರು ಎಷ್ಟು ಜನ ಆ ಸ್ಟೇಷನ್ ದಾಟಿ ಹೋಗಿದ್ದಾರೋ, ಸುಮ್ನೆ ಕಿಟಕಿಯಿಂದ ನೋಡಿಕೊಂಡು.

ಆದ್ದರಿಂದ ನನ್ನ ಬೇಡಿಕೆ ಇದು. ಮುಂದಿನ ಸಲ ಪಾಠ ತಿದ್ದುವಾಗ ರಮಾಬಾಯಿಯವರಿಗೆ ನಾಲ್ಕು ಸಾಲಿನ ಬದಲು ಎರಡು ಪುಟ ಕೊಡಿ. ಗಂಗಾಮೂಲ, ಮಾಳ, ಕಲಬುರಗಿ ಹೆಸರುಗಳು ಬರಲಿ. ಬರದ ಬಗ್ಗೆ ಬರೆಯುವಾಗ ಬರದಲ್ಲಿ ಉಳಿದ ಹುಡುಗಿಯರು ಆಮೇಲೆ ಏನಾದರು ಅಂತ ಬರೆಯಿರಿ. 1905ರ ಜೂನ್ 29 ಮತ್ತು 30 ಬರಲಿ, ಆ ನೀರಿನ ಬಕೆಟ್ಟೂ ಬರಲಿ, ಏಕೆಂದರೆ ಮಕ್ಕಳಿಗೆ ನೆನಪಿರುವುದು ಅದೇ. ರಾನಡೆ ಏಕೆ ಬಿಟ್ಟು ಹೋದರು, ತಿಲಕರು ಏಕೆ ಸಿಟ್ಟಾದರು, ಬಿಳಿಯ ಪಾದ್ರಿಗಳು ಏಕೆ ಮೂಗು ಮುರಿದರು, ಮೂರನ್ನೂ ಒಂದೇ ಪುಟದಲ್ಲಿ ಇಡಿ. ಕರಡು ಬೇಕಿದ್ದರೆ ಹೇಳಿ. ನಾನೂ ನನ್ನ ಹಾಗೆ ಯೋಚಿಸುವ ಕೆಲವು ಮೇಷ್ಟ್ರುಗಳೂ ಕೂತು ಬೇಸಿಗೆ ರಜೆಯಲ್ಲಿ ಬರೆದು ಕೊಡುತ್ತೇವೆ, ಸಂಭಾವನೆ ಬೇಡ.

ಇತಿ ನಿಮ್ಮ,
ಚರಿತ್ರೆ ಕಲಿಸುವ ಒಬ್ಬ ಮೇಷ್ಟ್ರು